ಬೀಗ ಹಾಕಿದ ಮನಿಗಿ ನಿಮ್ಮ ಫಾರ್ಮಿನ್ಯಾಗ ಕಾಲಂ ಎಲ್ಲದ ಸರ?

ಬೀದರ್ ಜಿಲ್ಲಾದ ಒಬ್ಬ ಸಮಾಜಶಾಸ್ತ್ರದ ಪ್ರಾಧ್ಯಾಪಕರು ನಮ್ಮ ಪತ್ರಿಕೆಗಿ ಪತ್ರ ಬರದಾರ. ಹೆಸರು ಹಾಕಬ್ಯಾಡ್ರಿ ಅಂದಾರ, ಹಾಕಂಗಿಲ್ಲ. ಡಿಗ್ರಿ ಕಾಲೇಜಿನ್ಯಾಗ ಮೂವತ್ತು ವರ್ಷದ ಹತ್ತತ್ರ ಪಾಠ ಮಾಡ್ಯಾರ, ಕಡೀ ವರ್ಷಗಳೆಲ್ಲಾ ಐಕ್ಯೂಎಸಿ, ಅಂದ್ರ ಕಾಲೇಜಿನ ಗುಣಮಟ್ಟ ನೋಡೋ ಸಮಿತಿ, ಅದರ ಸಂಚಾಲಕರು ಅಂತ, ಕಾಲೇಜುಗಳನ್ನ ಅಳದು ಗ್ರೇಡ್ ಕೊಡೋ ನ್ಯಾಕ್ ಸಂಸ್ಥಾದ ಫೈಲಿನ್ಯಾಗೇ ಕಳದಾವ. ಕಾಲೇಜಿಗಿ ಛಲೋ ಗ್ರೇಡ್ ಬಂತು, ಶಾಲು ಹೊದಿಸಿ ಸತ್ಕಾರ ಮಾಡಿದ್ರು, ಅಲ್ಲಿ ಒಬ್ಬರು ಎದ್ದು ನಿಂತು ‘ಸರ್ ಅವರ ಇಡೀ ಸರ್ವೀಸಿನ ಸಾಧನಾ ಅಂದ್ರ ಈ ಗ್ರೇಡ್’ ಅಂದ್ರಂತ. ಆ ಮಾತು ಇವರಿಗಿ ಚುಚ್ಚ್ಯಾದ. ‘ನಾ ಮಾಸ್ತರ ಆಗಿ ರಿಟೈರ್ ಆಗ್ಲಕತ್ತೀನೋ ಕಾರಕೂನ ಆಗೋ, ನೀವೇ ಹೇಳ್ರಿ. ಹಂಗಂತ ನ್ಯಾಕ್‌ಗ ಬೈಬ್ಯಾಡ್ರಿ, ಅದರಿಂದ ನಮ್ಮ ಕಾಲೇಜು ಸುಧಾರಿಸ್ಯಾದ’ ಅಂತ ಪತ್ರ ಮುಗಿಸ್ಯಾರ.

ಸರ, ನಿಮ್ಮ ಕಡೀ ಮಾತು ಮೊದಲು ಒಪ್ಪಿಬಿಡ್ತೀನಿ. 1994ರಾಗ ನ್ಯಾಕ್ ಆದ ಮ್ಯಾಲ, ಅದರಾಗೂ ಗ್ರೇಡಿಗಿ ಅನುದಾನದ ಗಂಟು ಬಿದ್ದ ಮ್ಯಾಲ, ನಮ್ಮ ಭಾಗದ ಎಷ್ಟೋ ಕಾಲೇಜಿನ್ಯಾಗ ಹೆಣ್ಮಕ್ಕಳಿಗಿ ಶೌಚಾಲಯ ಆಯ್ತು, ಲೈಬ್ರರಿ ಬಾಗಿಲ ತೆರೀತು, ಕಂಪ್ಯೂಟರ್ ಬಂದ್ವು. ನ್ಯಾಕ್‌ನ ಪೀರ್ ಟೀಮ್ ತಪಾಸಣಾ ಮಾಡ್ಲಕ್ಕ ಬರ್ತದ ಅಂದ್ರೇನೇ ಬೋರ್‌ವೆಲ್ ಮೋಟಾರ್ ರಿಪೇರಿ ಆಗ್ತದ. ಅಷ್ಟು ಖರೆ. ಮುಂದಿನದು ಕೇಳ್ರಿ.

ನ್ಯಾಕ್ ಫೈಲಿನ್ಯಾಗ ‘ಅಟೇನ್‌ಮೆಂಟ್’ ಅಂತ ಒಂದು ಲೆಕ್ಕ ಇರ್ತದ, ಕಲಿಸಿದ್ದು ಹುಡುಗರಿಗಿ ಎಷ್ಟು ಬಂತು ಅಂತ ಅಳಿಯೋದು. ಅದು ಹ್ಯಾಂಗ ಅಂತ ಓದುಗರಿಗಿ ಗೊತ್ತಿರಂಗಿಲ್ಲ. ಒಂದೊಂದು ಪೇಪರಿಗಿ ಐದಾರು ಸಿಓ (ಕೋರ್ಸ್ ಔಟ್‌ಕಮ್) ಬರೀಬೇಕು, ಅಂದ್ರ ಈ ಪೇಪರ್ ಓದಿದ ಹುಡುಗರಿಗಿ ಏನೇನು ಬರಬೇಕು ಅಂತ. ಅದಕ್ಕ ಬೆಂಜಮಿನ್ ಬ್ಲೂಮ್ ಮತ್ತ ಅವರ ಸಂಗಡಿಗರು 1956ರಾಗ ಮಾಡಿದ ಕಲಿಕೆಯ ಹಂತಗಳ ಪಟ್ಟಿ ನೋಡಿ ವಿವರಿಸುವರು, ವಿಶ್ಲೇಷಿಸುವರು ಅಂತ ಕ್ರಿಯಾಪದ ಹಾಕಬೇಕು. ಆ ಪಟ್ಟಿ ಹುಟ್ಟಿದ್ದು ಅಮೆರಿಕಾದ ಯೂನಿವರ್ಸಿಟಿಗಳು ತಮ್ಮ ತಮ್ಮೊಳಗ ಪರೀಕ್ಷಾ ಪ್ರಶ್ನಿ ಹಂಚಿಕೊಳ್ಳಲಕ್ಕ, ಮಾಸ್ತರನ್ನ ತೂಗಲಕ್ಕಲ್ಲ. ಆಮ್ಯಾಲ ಟೆಸ್ಟಿನ ಒಂದೊಂದು ಪ್ರಶ್ನಿಗಿ ಇದು ಯಾವ ಸಿಓ ಅಂತ ಗುರ್ತು, ಇಷ್ಟು ಪರ್ಸೆಂಟ್ ಹುಡುಗರು ಇಷ್ಟು ಮಾರ್ಕ್ಸ್ ದಾಟಿದ್ರ ಲೆವೆಲ್ 3, ಕಮ್ಮಿ ಆದ್ರ 2, ಮತ್ತೂ ಕಮ್ಮಿ ಆದ್ರ 1, ಅದನ್ನ ಎಕ್ಸೆಲ್‌ನ್ಯಾಗ ಪಿಓಗಳ, ಅಂದ್ರ ಇಡೀ ಡಿಗ್ರಿ ಮುಗಿಸಿದವರಿಗಿ ಬರಬೇಕಾದದ್ದರ ಜೋಡಿ ಕೂಡಿಸಿ ಸರಾಸರಿ ತಗದ್ರ ಒಂದು ಅಂಕಿ ಬರ್ತದ. ನ್ಯಾಕ್‌ನ 2017ರ ಪದ್ಧತಿಯಾಗ ನೂರಕ್ಕ ಸುಮಾರು ಎಪ್ಪತ್ತು ಭಾಗ ಅಂಕಿ ಮ್ಯಾಲೇ ತೀರ್ಮಾನ ಆಗ್ತಿತ್ತು, ಟೀಮ್ ಬಂದು ಕಣ್ಣಾರೆ ನೋಡೋದು ಬರೇ ಮೂವತ್ತು.

ಈಗ ನಮ್ಮ ತಾಂಡಾದ ಒಬ್ಬ ಹುಡುಗಿ ಡಿಸೆಂಬರ್‌ನ್ಯಾಗ ಇಂಟರ್ನಲ್ ಟೆಸ್ಟಿಗಿ ಬರಲಿಲ್ಲ. ತೊಗರಿ ಕಟಾವು, ಕೂಲಿ ಬಿಟ್ರ ಮನಿ ನಡ್ಯಂಗಿಲ್ಲ. ನಿಮ್ಮ ಶೀಟಿನ್ಯಾಗ ಅಕಿ ಸೊನ್ನಿ. ಹಿಂಥಾ ಹತ್ತು ಸೊನ್ನಿ ಬಿದ್ರ ಲೆವೆಲ್ ಇಳೀತದ, ಇಳಿದ್ರ ‘ಕೈಗೊಂಡ ಕ್ರಮ’ ಅನ್ನೋ ಕಾಲಂದಾಗ ‘ಪರಿಹಾರ ತರಗತಿ ನಡೆಸಲಾಯಿತು’ ಅಂತ ಬರೀತೀರಿ. ತೊಗರಿ ಅನ್ನೋ ಶಬ್ದ ಆ ಫೈಲಿನ್ಯಾಗ ಎಲ್ಲೂ ಬರಂಗಿಲ್ಲ. ಸಮಾಜಶಾಸ್ತ್ರ ಕಲಿಸೋ ಮನಷ್ಯಾ ತನ್ನ ಕೈಯಾರೆ ಸಮಾಜವನ್ನ ಫೈಲಿನಿಂದ ಹೊರಗ ಹಾಕ್ಲಕತ್ತಾನ. ನನಗ ಸಂಕಟ ಆಗೋದು ಇದಕ್ಕ.

ನೀವೇ ಮಕ್ಕಳಿಗಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ದರ್ಖೀಮ್ ಪಾಠ ಮಾಡ್ತೀರಿ. ಅವರು ಆತ್ಮಹತ್ಯೆ ಬಗ್ಗೆ 1897ರಾಗ ಮಾಡಿದ ಅಧ್ಯಯನ ಸರ್ಕಾರಿ ಅಂಕಿ ಮ್ಯಾಲೇ ನಿಂತಿದ್ದು. 1960ರ ದಶಕದಾಗ ಸಮಾಜಶಾಸ್ತ್ರಜ್ಞರೇ ಎದ್ದು ಆ ಅಂಕಿ ಬರದ ಅಧಿಕಾರಿ ಏನು ನೋಡಿ ಬರದಾ, ಯಾವ ಸಾವಿಗಿ ಆ ಹೆಸರಿಟ್ಟಾ, ಯಾವುದಕ್ಕ ಇಡಲಿಲ್ಲ ಅಂತ ಕೇಳಿದ್ರು. ಈ ಪ್ರಶ್ನಿ ಕೇಳೋದೇ ನಿಮ್ಮ ವಿದ್ಯಾ. ಅಮೆರಿಕಾದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ ಅನ್ನೋರು 1970ರ ದಶಕದಾಗೇ ಹೇಳ್ಯಾರ, ಒಂದು ಅಂಕಿ ಮ್ಯಾಲ ಎಷ್ಟು ಹೆಚ್ಚು ತೀರ್ಮಾನ ನಿಂತಾವೋ ಅಷ್ಟು ಆ ಅಂಕಿ ಕೆಡ್ತದ, ಅದು ಅಳೀಬೇಕಾದ ಕೆಲಸಾನೂ ಕೆಡಸ್ತದ ಅಂತ. ಪರೀಕ್ಷಾ ಅಂಕದ ಬಗ್ಗೆಯೇ ಅವರು ಈ ಮಾತು ಆಡ್ಯಾರ. ಕಾಲೇಜಿನ್ಯಾಗ ಇದು ಎಲ್ಲರಕಿಂತ ಮೊದಲು ತಿಳೀಬೇಕಾದವರು ನೀವು, ಗಣಿತದವರಲ್ಲ, ಕಾಮರ್ಸಿನವರಲ್ಲ.

ನನಗ ಗೊತ್ತಿದ್ದ ಒಬ್ಬ ಸಮಾಜಶಾಸ್ತ್ರದ ಸರ್ ಇದ್ರು, ಚಿತ್ತಾಪುರ ಕಡಿ ಕಾಲೇಜಿನ್ಯಾಗ. ಎರಡನೇ ವರ್ಷದ ಹುಡುಗರಿಗಿ ಒಂದೇ ಕೆಲಸ ಹಚ್ಚೋರು, ನಿಮ್ಮ ಓಣಿ ನೀವೇ ಸರ್ವೆ ಮಾಡ್ಕೊಂಡು ಬರ್ರಿ ಅಂತ. ಇನ್ನೂರು ಪೇಜಿನ ನೋಟ್‌ಬುಕ್, ಸ್ಕೇಲ್ ಇಟ್ಟು ಎಳದ ಗೆರಿ, ಮನಿ ನಂಬರ್, ಎಷ್ಟು ಮಂದಿ, ದುಡಿಲಕ್ಕ ಎಲ್ಲಿ ಹೋಗ್ಯಾರ, ಯಾವಾಗ ಬರ್ತಾರ. ಅಂಥಾ ಒಂದು ನೋಟ್‌ಬುಕ್ ನಾ ಕೈಯಾಗ ಹಿಡದು ನೋಡೀನಿ. ಒಂದು ಸಾಲಿನ್ಯಾಗ ಹುಡುಗಿ ‘ಬೀಗ ಹಾಕ್ಯಾರ, ಮುದುಕಿ ಕಟ್ಟಿ ಮ್ಯಾಲ ಕುಂತಾಳ’ ಅಂತ ಬರದಿದ್ಲು. ಬಾಜೂಕ ಸರ್ ಕೆಂಪು ಪೆನ್ನಿನ್ಯಾಗ, ‘ಬೀಗ ಹಾಕಿದ ಮನಿ ಮುಂದ ಮುದುಕಿ ಯಾಕ ಕುಂತಾಳ? ಕೇಳಿ ಬಾ.’ ಹುಡುಗಿ ಹೋಗಿ ಕೇಳಿ ಬಂದು ತಳಗ ಬರದಾಳ, ಮಗ ಸೊಸಿ ಮುಂಬೈಗಿ ಹೋಗ್ಯಾರ, ಕೀಲಿ ಅವರ ಹಂತ್ಯಾಕೇ ಅದ, ಮುದುಕಿ ಮಗಳ ಮನ್ಯಾಗ ಉಣ್ತಾಳ, ಮಲಗ್ತಾಳ, ಹಗಲೊತ್ತು ಬಂದು ತನ್ನ ಮನಿ ಕಾಯ್ತಾಳ. ವಲಸೆ, ಕುಟುಂಬ, ವೃದ್ಧಾಪ್ಯ, ಆಸ್ತಿ, ಮೂರು ಸೆಮಿಸ್ಟರಿನ ಪಾಠ ಆ ಒಂದೇ ಪುಟದಾಗ ಅದ. ಆ ಸರ್‌ಗ ಯಾರೂ ಶಾಲು ಹೊದಿಸಲಿಲ್ಲ. ಆ ನೋಟ್‌ಬುಕ್ ಕನ್ನಡದಾಗ ಇತ್ತು, ಕೈಬರಹದಾಗ ಇತ್ತು, ಅಪ್‌ಲೋಡ್ ಮಾಡಲಕ್ಕ ಯಾವ ಲಿಂಕೂ ಇರಲಿಲ್ಲ.

ನೀವು ಕಾರಕೂನರಲ್ಲ ಸರ. ಆದ್ರ ನಿಮ್ಮ ಮ್ಯಾಲ ನನಗ ಒಂದು ಸಿಟ್ಟದ. ಕಾಲೇಜಿನ್ಯಾಗ ಮೌಲ್ಯಮಾಪನ ಅನ್ನೋದು ಹ್ಯಾಂಗ ಮಾಡಬೇಕು ಅಂತ ಖರೇನೇ ಗೊತ್ತಿದ್ದವರು ನೀವೊಬ್ಬರೇ, ಪ್ರಶ್ನಾವಳಿ ಎಲ್ಲಿ ಸುಳ್ಳು ಹೇಳಸ್ತದ ಅಂತ ತಿಳದವರು ನೀವು, ಅಂಥಾದ್ದರಾಗ ಬೆಂಗಳೂರಿನಿಂದ ಬಂದ ಟೆಂಪ್ಲೇಟ್ ಬಂದಂಗ ತುಂಬಿ ಕಳಸೀರಿ. ನ್ಯಾಕ್‌ನ ವಿದ್ಯಾರ್ಥಿ ತೃಪ್ತಿ ಸರ್ವೆ ಇಮೇಲ್‌ನ್ಯಾಗ ಬರ್ತದಲ್ಲ, ನಿಮ್ಮ ಕಾಲೇಜಿನ ಎಷ್ಟು ಮಕ್ಕಳಿಗಿ ತಮ್ಮ ಇಮೇಲ್ ಪಾಸ್‌ವರ್ಡ್ ಗೊತ್ತದ? ಅಡ್ಮಿಷನ್ ದಿನ ಸೈಬರ್ ಸೆಂಟರಿನವ ಮಾಡಿಕೊಟ್ಟ ಐಡಿ ಅದು. ಇದನ್ನ ಎಂದಾದ್ರೂ ಬರದೀರಾ?

ಮತ್ತ ಈ ಕೆಲಸ ಒಂದು ಸಲಕ್ಕಾದ್ರೂ ಮುಗೀತದ? ಸಿಬಿಸಿಎಸ್ ಅನ್ನೋ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಗಿ ಒಮ್ಮಿ ಸಿಓ ಬರದ್ರಿ. 2021ರಾಗ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, ನಾಲ್ಕು ವರ್ಷದ ಡಿಗ್ರಿ, ಮತ್ತೊಮ್ಮಿ ಬರದ್ರಿ. 2024ರಾಗ ತಿರುಗಿ ಮೂರು ವರ್ಷಕ್ಕ ಬಂದ್ರು, ಮತ್ತೂ ಒಮ್ಮಿ. ಅದೇ ವರ್ಷ ನ್ಯಾಕ್‌ದವರೂ ಇನ್ನ ಗ್ರೇಡ್ ಪದ್ಧತಿ ಬದಲಿ ಮಾಡ್ತೀವಿ ಅಂದ್ರು. ಈ ಗದ್ದಲದಾಗ ಕ್ಲಾಸ್ ತಗೊಳ್ಳೋರು ಯಾರು? ಅತಿಥಿ ಉಪನ್ಯಾಸಕರು. ವರ್ಷದ ಮಧ್ಯದಾಗ ನೇಮಕ, ರಜಾದಾಗ ಗೌರವಧನ ಇಲ್ಲ, ಬಸ್ ಚಾರ್ಜಿಗಿ ಒಂದಷ್ಟು ಹೋಗ್ತದ. ನಮ್ಮ ಕಲ್ಯಾಣ ಕರ್ನಾಟಕಕ್ಕ ವಿಶೇಷ ಸ್ಥಾನಮಾನ ಕೊಡೋ 371ಜೆ ಬಂದು ಹತ್ತು ವರ್ಷದ ಮ್ಯಾಲಾಯ್ತು, ಆದ್ರೂ ಯಾದಗಿರಿ ಕಡಿ ಕಾಲೇಜಿಗಿ ಹೋಗಿ ನೋಡ್ರಿ, ಸ್ಟಾಫ್ ರೂಮಿನ್ಯಾಗ ಪರ್ಮನೆಂಟ್ ಇದ್ದವರು ಕುಂತು ಫೈಲ್ ಮಾಡ್ತಾರ, ನಾಳಿ ಕೆಲಸ ಇರ್ತದೋ ಇಲ್ಲೋ ಗೊತ್ತಿಲ್ಲದವರು ನಿಂತು ಪಾಠ ಮಾಡ್ತಾರ. ಅಂಥಾವರಿಗಿ ನೋಟ್‌ಬುಕ್ ತಿದ್ದೋ ಪುರಸೊತ್ತು ಎಲ್ಲಿಂದ ಬರಬೇಕು? ಸಮಾಜಶಾಸ್ತ್ರಕ್ಕ ಅಡ್ಮಿಷನ್ ಕಮ್ಮಿ ಆಗ್ಲಕತ್ತಾವ, ಎಲ್ಲಾ ಬಿಸಿಎ, ಬಿಕಾಂ ಅಂತ ಹೊಂಟಾರ ಅಂತ ಮರುಗ್ತಾರ. ಆ ಕೆಂಪು ಪೆನ್ನಿನ ಸರ್ ಕ್ಲಾಸಿನ್ಯಾಗ ಬೆಂಚ್ ಸಾಲತಿರಲಿಲ್ಲ.

ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಸಂಗತಿ ನಿಮಗ ನಾ ಹೇಳಬೇಕಾಗಿಲ್ಲ, ಓದುಗರ ಸಲುವಾಗಿ ಹೇಳ್ತೀನಿ. ಮೈಸೂರು ಕಡಿ ಒಂದು ಊರಾಗ 1948ರಾಗ ಉಳದು ನೋಡಿ ಬರದದ್ದನ್ನ ವರ್ಷಗಟ್ಟಲೆ ತಿದ್ದಿ ಇಟ್ಟ ಟಿಪ್ಪಣಿ, 1970ರ ಏಪ್ರಿಲ್‌ನ್ಯಾಗ ಅಮೆರಿಕಾದ ಸ್ಟ್ಯಾನ್‌ಫರ್ಡ್‌ನ್ಯಾಗ ಬೆಂಕಿಗಿ ಬಿದ್ದು ಮೂರೂ ಪ್ರತಿ ಸುಟ್ಟು ಹೋದ್ವು. ಅವರು ಕುಂತು ನೆನಪಿನಿಂದಲೇ ಆ ಊರಿನ ಪುಸ್ತಕ ಬರದ್ರು. ಈಗ ನೀವು ಹೇಳ್ರಿ, ನ್ಯಾಕ್‌ಗ ಮಾಡಿದ ನಿಮ್ಮ ಏಳೂ ಮಾನದಂಡದ ಫೈಲು ನಾಳಿ ಹೋಯ್ತು ಅನ್ಕೊಳ್ರಿ, ನೆನಪಿನಿಂದ ಏನು ಬರೀತೀರಿ? ಗ್ರೇಡಿನ ಅಂಕಿ, ಸಿಜಿಪಿಎ, ಬರಿಯಂಗಿಲ್ಲ. ಯಾವ ಹುಡುಗ ಪಿಎಸ್‌ಐ ಆದಾ, ಯಾವ ಹುಡುಗಿ ಲಗ್ನ ಮಾಡಿಕೊಟ್ರೂ ಹಟ ಹಿಡದು ಪರೀಕ್ಷಾ ಬರದ್ಲು, ಯಾರು ಮೂರನೇ ಸೆಮಿಸ್ಟರಿಗಿ ಬಿಟ್ಟು ಬೆಂಗಳೂರಿಗಿ ಗಾರೆ ಕೆಲಸಕ್ಕ ಹೋದಾ, ಅವ್ರೇ ಕಣ್ಣ ಮುಂದ ಬರ್ತಾರ. ನಿಮ್ಮ ಸರ್ವೀಸ್ ಅದು.

ಅದನ್ನೇ ಬರೀರಿ. ರಿಟೈರ್ ಆಗೋದರೊಳಗ ನೀವು ಕಲಿಸಿದ ಯಾವುದಾದ್ರೂ ಒಂದು ಬ್ಯಾಚ್ ತಗೊಳ್ರಿ, ಈಗಿನ ಹುಡುಗರನ್ನ ಜೋಡಿ ಕರಕೊಂಡು ಆ ಬ್ಯಾಚಿನವರೆಲ್ಲಾ ಎಲ್ಲಿದಾರ, ಏನು ಮಾಡ್ತಾರ, ಓದಿದ್ದು ಯಾವುದಕ್ಕ ಬಂತು, ಬಿಟ್ಟವರು ಯಾಕ ಬಿಟ್ರು ಅಂತ ಮನಿಗಿ ಹೋಗಿ ಕೇಳ್ರಿ. ಕಾರಣ ಬರೀರಿ, ಹುಡುಗರ ಹೆಸರು ಬ್ಯಾಡ. ನ್ಯಾಕ್‌ಗೂ ಒಂದು ಪ್ರತಿ ಕಳಸ್ರಿ, ನಮಗೂ ಒಂದು ಕಳಸ್ರಿ. ದೀಪಾವಳಿ ಸಂಚಿಕೆದಾಗ ಎಷ್ಟು ಪುಟ ಬೇಕೋ ಅಷ್ಟು ಕೊಡ್ತೀನಿ. ಟೈಪ್ ಮಾಡಸ್ಲಕ್ಕ ಹೋಗಬ್ಯಾಡ್ರಿ, ಕೈಬರಹದಾಗೇ ಬರಲಿ, ಇಲ್ಲಿ ನಮ್ಮ ಹುಡುಗರು ಮಾಡಿಕೊಳ್ತಾರ.