ಈಜು ಬಾರದವರು ನೀರಿನಲ್ಲಿ ವ್ಯಾಯಾಮ ಮಾಡಬಹುದೇ?

ಪ್ರಶ್ನೆ: ಮೇಡಂ, ನನಗೆ 58 ವರ್ಷ. ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. 8 ವರ್ಷದಿಂದ ಮಂಡಿನೋವು, ಸೊಂಟನೋವು. ಮಂಡಿ ಸವೆದಿದೆ ಎಂದಿದ್ದಾರೆ. ವಾಕಿಂಗ್ ಮಾಡೋಣವೆಂದರೆ ಇಲ್ಲಿ ಎಲ್ಲ ಕಡೆ ಏರು, ಇಳಿಜಾರು. ಇಳಿಯುವಾಗ ಜೀವ ಹೋದಂತಾಗುತ್ತದೆ. ನೀರಿನಲ್ಲಿ ವ್ಯಾಯಾಮ ಮಾಡು ಎನ್ನುತ್ತಾಳೆ ಮಗಳು. ಈಜು ಬಾರದು, ನೀರೆಂದರೆ ಭಯ. ಪಕ್ಕದ ಹೋಂಸ್ಟೇಯಲ್ಲಿ ಈಜುಕೊಳವಿದೆ, ತೋಟದಲ್ಲಿ ಕೆರೆಯೂ ಇದೆ. ಏನು ಮಾಡಲಿ?

ಫಿಸಿಯೋಥೆರಪಿಸ್ಟ್ ಉತ್ತರ: ಮಗಳ ಮಾತು ಕೇಳಿ. ಇದಕ್ಕೆ ಈಜು ಬೇಕಿಲ್ಲ, ನೀರಿನಲ್ಲಿ ನಿಂತು ನಡೆದರೆ ಸಾಕು. ಸೊಂಟಮಟ್ಟದ ನೀರಿನಲ್ಲಿ ಕಾಲಿನ ಮೇಲಿನ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ, ಎದೆಮಟ್ಟದಲ್ಲಿ ಮೂರನೇ ಒಂದು ಭಾಗದಷ್ಟಾಗುತ್ತದೆ. ಸವೆದ ಮಂಡಿ ಇದರಿಂದ ಹೊಸದಾಗುವುದಿಲ್ಲ. ಆದರೆ ನೋವಿಗೆ ಹೆದರಿ ಕೂತಲ್ಲೇ ಕೂತು ಸೋತ ತೊಡೆಯ ಸ್ನಾಯುಗಳಿಗೆ ಮತ್ತೆ ಕೆಲಸ ಸಿಗುತ್ತದೆ. ನಿಮಗೆ ಬೇಕಿರುವುದು ಅದೇ.

ತೋಟದ ಕೆರೆ ಮಾತ್ರ ಬೇಡವೇ ಬೇಡ. ತಳದಲ್ಲಿ ಕೆಸರು, ದಂಡೆ ಜಾರು, ಆಳ ತಿಳಿಯದು, ಇಲಿಜ್ವರದ ಅಪಾಯ ಬೇರೆ. ಹೊಳೆಯೂ ಬೇಡ.

ಹೋಂಸ್ಟೇ ಕೊಳದಲ್ಲಿ ಕೈಹಿಡಿ ಇರುವ ಮೆಟ್ಟಿಲಿದೆಯೇ, ಎದೆಮಟ್ಟಕ್ಕಿಂತ ಆಳವಿಲ್ಲದ ಜಾಗವಿದೆಯೇ ಎಂದು ಮೊದಲು ನೋಡಿಕೊಳ್ಳಿ. ಮಗಳು ಜೊತೆಗೇ ನೀರಿಗಿಳಿಯಲಿ. ಮೊದಲ ದಿನ ಸೊಂಟಮಟ್ಟದಲ್ಲಿ ಕೊಳದ ಅಂಚು ಹಿಡಿದು ಸುಮ್ಮನೆ ನಿಲ್ಲಿ, ಭಯ ಇಳಿಯಲಿ. ಆಮೇಲೆ ಅಂಚು ಬಿಡದೆ ಮುಂದಕ್ಕೆ, ಹಿಂದಕ್ಕೆ, ಅಡ್ಡಕ್ಕೆ ನಾಲ್ಕು ಹೆಜ್ಜೆ. ನಂತರ ಒಂದೊಂದೇ ಮಂಡಿ ಎತ್ತುವುದು, ಹಿಮ್ಮಡಿಯನ್ನು ಹಿಂದಕ್ಕೆ ಮಡಚುವುದು. ಕಾಲು ಬೀಸಿದಷ್ಟೂ ನೀರು ತಡೆಯುತ್ತದೆ, ಹಾಗಾಗಿ ನಿಧಾನವಾಗಿ ಮಾಡಿ. ಹತ್ತು ನಿಮಿಷ ಸಾಕು. ಮೇಲೆ ಬರುವಾಗ ಭಾರವೆಲ್ಲ ಒಮ್ಮೆಲೇ ಕಾಲಿಗೆ ಮರಳುತ್ತದೆ, ಹಲವರು ಜಾರುವುದು ಆಗಲೇ. ಕೈಹಿಡಿ ಬಿಡದೆ ಹತ್ತಿ, ಕುರ್ಚಿಯಲ್ಲಿ ಸ್ವಲ್ಪ ಕೂತು ನಂತರ ನಡೆಯಿರಿ.

ಹಾಯೆನಿಸಿತೆಂದು ಅರ್ಧ ಗಂಟೆ ಮಾಡಿ ಮರುದಿನ ಹಾಸಿಗೆ ಹಿಡಿಯುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಗಂಟೆಯ ನಂತರವೂ ನೋವು ಮೊದಲಿಗಿಂತ ಜಾಸ್ತಿಯಿದ್ದರೆ ಮುಂದಿನ ಸಲ ಸಮಯ ಕಡಿಮೆ ಮಾಡಿ.

ನಮ್ಮಲ್ಲಿ ತೊಡಕಿರುವುದು ಚಳಿಯದ್ದು. ಇಂಥ ವ್ಯಾಯಾಮಕ್ಕೆ ನೀರು ಕನಿಷ್ಠ 28 ಡಿಗ್ರಿಯಾದರೂ ಇರಬೇಕು, ಇನ್ನೂ ಬೆಚ್ಚಗಿದ್ದರೆ ಒಳ್ಳೆಯದು. ತಣ್ಣೀರಿನಲ್ಲಿ ಸ್ನಾಯು ಬಿಗಿಯುತ್ತದೆ. ನೀರು ಕಾಯಿಸುವ ವ್ಯವಸ್ಥೆಯಿಲ್ಲದ ಕೊಳವಾದರೆ ಬೇಸಿಗೆಯ ಮಧ್ಯಾಹ್ನ, ಬಿಸಿಲು ಚೆನ್ನಾಗಿ ಬಿದ್ದ ಮೇಲೆ ನೀರು ಮುಟ್ಟಿ ನೋಡಿ ಇಳಿಯಿರಿ. ಮಳೆಗಾಲದಲ್ಲಿ, ಕಾಫಿ ಕೊಯ್ಲಿನ ಚಳಿಯಲ್ಲಿ ಹಂಡೆ ನೀರಿನ ಬಿಸಿ ಸ್ನಾನವೇ ಸಾಕು. ಮೈ ಸಡಿಲವಾಗಿರುವಾಗಲೇ ಕುರ್ಚಿಯಲ್ಲಿ ಕೂತು ಒಂದೊಂದು ಕಾಲನ್ನು ನೇರ ಚಾಚಿ, ಐದು ಎಣಿಸಿ, ಇಳಿಸಿ.

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಫಿಟ್ಸ್ ಇದ್ದರೆ ವೈದ್ಯರನ್ನು ಕೇಳದೆ ನೀರಿಗಿಳಿಯಬೇಡಿ. ಜ್ವರ, ಹಸಿ ಗಾಯ ಇದ್ದಾಗಲೂ ಬೇಡ. ಸೊಂಟನೋವಿನ ಜೊತೆ ಕಾಲು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.