ಎನ್ವಿರೋಥಾನ್‌ಗೆ ಮಗಳನ್ನು ಹೇಗೆ ತಯಾರು ಮಾಡುವುದು?

ಅಮೆರಿಕದಲ್ಲಿ 9ನೇ ಗ್ರೇಡ್ ಓದುವ ಮಗಳು ಶಾಲೆಯ ಎನ್ವಿರೋಥಾನ್ (ಶಾಲಾ ಮಕ್ಕಳ ಪರಿಸರ ಸ್ಪರ್ಧೆ) ತಂಡ ಸೇರಿದ್ದಾಳೆ, ಯಾವ ಪುಸ್ತಕ ಓದಿಸಲಿ ಅಂತ ಕೇಳಿದ್ದೀರಿ. ನಿಮ್ಮ ರಾಜ್ಯದ ಸಮಿತಿ ಕೊಡುವ ಅಭ್ಯಾಸ ಸಾಮಗ್ರಿ ಸಾಕು. ಅಂಕ ಹೋಗುವುದು ಹೆಚ್ಚಾಗಿ ಕೈಯಾರೆ ಅಳೆದು, ಗುರುತಿಸುವ ಪರೀಕ್ಷೆಗಳಲ್ಲಿ.

1979ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುರುವಾದ ಈ ಸ್ಪರ್ಧೆ ಬಜರ್ ಒತ್ತುವ ಕ್ವಿಜ್ ಅಲ್ಲ. ಐವರ ತಂಡ, ಮಣ್ಣು, ಕಾಡು, ಜಲಜೀವಿ, ವನ್ಯಜೀವಿ, ಜೊತೆಗೆ ವರ್ಷಕ್ಕೊಂದು ಹೊಸ ವಿಷಯ. ತಂಡವೇ ಕೂಡಿ ಉತ್ತರಿಸಬೇಕು. ತಲೆಗೊಂದು ವಿಷಯ ಹಂಚಿ ಕೈತೊಳೆದುಕೊಂಡರೆ, ಒಬ್ಬರು ತಪ್ಪಿದಾಗ ತಿದ್ದಲು ಯಾರೂ ಇರುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಮುಖ್ಯ, ಒಂದು ಬೆಂಬಲದ ವಿಷಯ ಇರಲಿ.

ಮಣ್ಣಿನ ಪರೀಕ್ಷೆಯನ್ನು ಹಿತ್ತಲಲ್ಲೇ ಕಲಿಸಬಹುದು. ಸುಮಾರು 25 ಗ್ರಾಂ ಮಣ್ಣಿನಿಂದ ಕಲ್ಲು, ಬೇರು ಆರಿಸಿ, ಹನಿಹನಿ ನೀರು ಬಿಟ್ಟು ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಹೆಬ್ಬೆರಳಿನಿಂದ ತೋರುಬೆರಳ ಮೇಲೆ ತಳ್ಳುತ್ತ ಪಟ್ಟಿ ಎಳೆಯಬೇಕು. 2.5 ಸೆಂ.ಮೀ. ಆಗುವ ಮೊದಲೇ ಮುರಿದರೆ ಲೋಮ್ (ಮರಳು, ಹೂಳು, ಜೇಡಿ ಬೆರೆತ ಮಣ್ಣು), 2.5ರಿಂದ 5ರೊಳಗೆ ಕ್ಲೇ ಲೋಮ್, ಅದಕ್ಕೂ ಉದ್ದ ಬಂದರೆ ಕ್ಲೇ (ಜೇಡಿಮಣ್ಣು). ಆಮೇಲೆ ಒಂದು ಚಿಟಿಕೆ ಚೆನ್ನಾಗಿ ನೆನೆಸಿ ಅಂಗೈಯಲ್ಲಿ ಉಜ್ಜಿ: ತರಿತರಿ ಅಂದರೆ ಹೆಸರಿನ ಮೊದಲಿಗೆ ಸ್ಯಾಂಡಿ (ಮರಳು) ಸೇರಿಸಿ, ನುಣುಪು ಅಂದರೆ ಸಿಲ್ಟಿ (ಹೂಳು). ಆತುರಕ್ಕೆ ಅರೆಬರೆ ನಾದಿದರೆ ಒಡೆಯದೆ ಉಳಿದ ಸಣ್ಣ ಗಂಟುಗಳೇ ಮರಳಿನಂತೆ ಚುಚ್ಚುತ್ತವೆ, ಉತ್ತರ ಕೆಡುತ್ತದೆ. ನೀರು ಹೆಚ್ಚಾದರೆ ಪಟ್ಟಿ ನಿಲ್ಲುವುದೇ ಇಲ್ಲ. ಒಣಮಣ್ಣು ಸೇರಿಸಿ ಮತ್ತೆ ನಾದಿ.

ಮರದ ವ್ಯಾಸ ಅಳೆಯುವುದು ನೆಲದಿಂದ 4.5 ಅಡಿ ಎತ್ತರದಲ್ಲಿ. ಇಳಿಜಾರಾದರೆ ಮೇಲಿನ ಬದಿಯಲ್ಲಿ ನಿಂತು ಆ ಎತ್ತರ ಗುರುತಿಸಬೇಕು. ಕಾಂಡಕ್ಕೆ ಸುತ್ತುವ ಡಯಾಮೀಟರ್ ಟೇಪಿನ ಒಂದು ಮುಖದಲ್ಲಿ ಸುತ್ತಳತೆ ತೋರುವ ಮಾಮೂಲಿ ಇಂಚು, ಇನ್ನೊಂದರಲ್ಲಿ ವ್ಯಾಸ ಇರುತ್ತದೆ. ತಪ್ಪು ಮುಖ ಓದಿದರೆ 12 ಇಂಚಿನ ಮರ ಸುಮಾರು 38 ಇಂಚಿನದಾಗುತ್ತದೆ! ಇಷ್ಟು ದೊಡ್ಡ ತಪ್ಪೂ ಗಡಿಬಿಡಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

ವನ್ಯಜೀವಿ ವಿಭಾಗಕ್ಕೆ ತಲೆಬುರುಡೆ, ಹೆಜ್ಜೆಗುರುತು, ಹಿಕ್ಕೆಗಳನ್ನು ಗುರುತಿಸುವ ಅಭ್ಯಾಸವೂ ಬೇಕು.

ಜಲಜೀವಿಗಳಲ್ಲಿ ಎಡವುವುದು ಸ್ಟೋನ್‌ಫ್ಲೈ, ಮೇಫ್ಲೈ ಎಂಬ ಕೀಟಗಳ ನೀರಲ್ಲಿ ಬೆಳೆಯುವ ಮರಿಗಳಲ್ಲಿ. ಎರಡು ಬಾಲವಾದರೆ ಸ್ಟೋನ್‌ಫ್ಲೈ, ಮೂರಾದರೆ ಮೇಫ್ಲೈ ಎಂದು ಬಾಯಿಪಾಠ ಮಾಡಿಸುತ್ತಾರೆ. ಆದರೆ ಎರಡೇ ಬಾಲದ ಮೇಫ್ಲೈಗಳೂ ಇವೆ, ಹಿಡಿಯುವಾಗ ಬಾಲ ಮುರಿಯುವುದೂ ಉಂಟು. 10ಎಕ್ಸ್ ಲೆನ್ಸಿನಲ್ಲಿ ಕಾಲಿನ ತುದಿ ನೋಡಲಿ: ಮೇಫ್ಲೈಗೆ ಒಂದೇ ಉಗುರು, ಸ್ಟೋನ್‌ಫ್ಲೈಗೆ ಎರಡು.