ಸಿ3 ಕಡಿಮೆಯಾದರೆ ಶಕ್ತಿ ಕುಂದಿತೆಂದೇ?

ಓದುಗರ ಪತ್ರ: ಒಂಬತ್ತು ವರ್ಷದ ಮಗನಿಗೆ ಗಂಟಲುನೋವು ವಾಸಿಯಾಗಿ ಎರಡು ವಾರಕ್ಕೆ ಕಣ್ಣಿನ ಸುತ್ತ ಊತ ಬಂತು, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿತು. ವರದಿಯಲ್ಲಿ ಸಿ3 38, ಸಿ4 ಸರಿಯಿದೆ. ಸಿ3 ರೋಗನಿರೋಧಕ ಶಕ್ತಿಯ ಅಳತೆ ಎಂದು ನಿಮ್ಮಲ್ಲೇ ಓದಿದ್ದೆ. ಯಾವ ಟಾನಿಕ್ ಕೊಡಲಿ?

ಸಂಪಾದಕರ ಉತ್ತರ: ಆ ವಾಕ್ಯ ಅಚ್ಚಾದದ್ದು ನಮ್ಮ ತಪ್ಪು. ಸಿ3 ಶಕ್ತಿಯ ಅಳತೆಯಲ್ಲ. ಜೇಬು ಖಾಲಿ ಎಂದ ಮಾತ್ರಕ್ಕೆ ಮನುಷ್ಯ ಬಡವನೆನ್ನಲಾಗದು. ಈಗಷ್ಟೇ ಖರ್ಚು ಮಾಡಿ ಬಂದಿರಬಹುದು. ನಿಮ್ಮ ಮಗನ ವಿಷಯದಲ್ಲೂ ಹೀಗೆಯೇ ಆಗಿರುವಂತಿದೆ.

ಸಿ3, ಸಿ4 ಎರಡೂ ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ವ್ಯವಸ್ಥೆಯ ಪ್ರೋಟೀನುಗಳು. ಸಿ3 ಬಹುಪಾಲು ಯಕೃತ್ತಿನಲ್ಲಿ ತಯಾರಾಗುತ್ತದೆ. ಡೆಸಿಲೀಟರಿಗೆ ಸುಮಾರು 90ರಿಂದ 180 ಮಿಲಿಗ್ರಾಂ ಇದ್ದರೆ ಸಾಮಾನ್ಯ. ರೋಗಾಣು ಎದುರಾದಾಗ ಅದು ಎರಡು ತುಂಡಾಗುತ್ತದೆ. ಸಿ3ಎ ಎಂಬ ಚಿಕ್ಕ ತುಂಡು ಉರಿಯೂತ ಎಬ್ಬಿಸುತ್ತದೆ. ಸಿ3ಬಿ ಎಂಬ ದೊಡ್ಡ ತುಂಡು ರೋಗಾಣುವಿನ ಮೈಗೆ ಬಿಡಿಸಲಾರದಂತೆ ಅಂಟಿಕೊಂಡು, ಇದನ್ನು ನುಂಗಿ ಎಂದು ಬಿಳಿ ರಕ್ತಕಣಗಳಿಗೆ ಗುರುತು ಹಾಕಿಕೊಡುತ್ತದೆ. ಅಷ್ಟಕ್ಕೇ ನಿಲ್ಲದೆ, ಅಂಟಿಕೊಂಡ ಸಿ3ಬಿ ಫ್ಯಾಕ್ಟರ್ ಬಿ ಎಂಬ ಇನ್ನೊಂದು ಪ್ರೋಟೀನಿನ ಜೊತೆ ಸೇರಿ ಮತ್ತಷ್ಟು ಸಿ3ಯನ್ನು ಕತ್ತರಿಸುತ್ತದೆ. ಕಾಳಗ ಬಿರುಸಾದಷ್ಟೂ ರಕ್ತದಲ್ಲಿ ಸಿ3 ಬರಿದಾಗುತ್ತದೆ.

ಸಿ4 ಸರಿಯಿರುವುದೇ ಇಲ್ಲಿನ ಮುಖ್ಯ ಸುಳಿವು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ ಕೆರಳಿದಾಗ ಸಾಮಾನ್ಯವಾಗಿ ಎರಡೂ ಇಳಿಯುತ್ತವೆ. ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿನ ನಂತರ ಮೂತ್ರಪಿಂಡದ ಸೋಸುಜಾಲ ಊದಿಕೊಂಡಾಗ ಹೆಚ್ಚಾಗಿ ಸಿ3 ಮಾತ್ರ ಕುಸಿಯುತ್ತದೆ. ನೀವು ಬರೆದ ಲಕ್ಷಣಗಳು ಅದನ್ನೇ ಹೋಲುತ್ತವೆ, ಆದರೆ ತೀರ್ಮಾನ ವೈದ್ಯರದು. ಈಗ ಕಣ್ಣಿಡಬೇಕಾದದ್ದು ಮಗನ ರಕ್ತದೊತ್ತಡ ಮತ್ತು ಮೂತ್ರದ ಪ್ರಮಾಣದ ಮೇಲೆ. ವಿಪರೀತ ತಲೆನೋವು, ವಾಂತಿ, ಉಸಿರಾಟದ ಕಷ್ಟ, ಫಿಟ್ಸ್, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಾಮಾನ್ಯವಾಗಿ ಆರರಿಂದ ಎಂಟು ವಾರದಲ್ಲಿ ಸಿ3 ತಾನಾಗಿ ಮೇಲೇರುತ್ತದೆ. ಮೂರು ತಿಂಗಳಾದರೂ ಏರದಿದ್ದರೆ ಸಿ3 ಗ್ಲೋಮೆರುಲೋಪತಿಯಂತಹ ಬೇರೆ ಮೂತ್ರಪಿಂಡದ ಕಾಯಿಲೆಯ ಶಂಕೆ ಮೂಡುತ್ತದೆ, ಮೂತ್ರಪಿಂಡದ ಬಯಾಪ್ಸಿ ಬೇಕಾಗಬಹುದು. ಆದ್ದರಿಂದ ಮರುಪರೀಕ್ಷೆಯ ದಿನವನ್ನು ತಪ್ಪಿಸಬೇಡಿ.

ಹುಟ್ಟಿನಿಂದಲೇ ಸಿ3 ಇಲ್ಲದವರೂ ಇದ್ದಾರೆ, ಬಲು ವಿರಳ. ಅಂತಹ ಮಕ್ಕಳಿಗೆ ಎಳವೆಯಿಂದಲೇ ನ್ಯುಮೋನಿಯಾ, ಮೆನಿಂಜೈಟಿಸ್ ಮರುಕಳಿಸುತ್ತಿರುತ್ತವೆ. ನಿಮ್ಮ ಪತ್ರದಲ್ಲಿ ಅಂತಹ ಸುದ್ದಿಯೇನೂ ಇಲ್ಲ.

ಇನ್ನು ಟಾನಿಕ್. ಪ್ರತಿಕಾಯಗಳ ಕೆಲಸಕ್ಕೆ ಪೂರಕ ಎಂಬ ಅರ್ಥದಲ್ಲಿ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಕ್ ಇಟ್ಟ ಹೆಸರು ಕಾಂಪ್ಲಿಮೆಂಟ್. ಕನ್ನಡದಲ್ಲಿ ಅದನ್ನು ಪೂರಕ ವ್ಯವಸ್ಥೆ ಎಂದು ಬರೆದಾಗಲೆಲ್ಲ ಪೂರಕ ಆಹಾರದ ಡಬ್ಬಿ ಕಣ್ಣಮುಂದೆ ಬರುತ್ತದೇನೋ! ಸಿ3 ತುಂಬಿಕೊಡುವ ಟಾನಿಕ್ ಯಾವುದೂ ಇಲ್ಲ. ಅದು ಹೆಚ್ಚಿದ್ದರೆ ಒಳ್ಳೆಯದೆಂದೂ ಅಲ್ಲ; ದೇಹದಲ್ಲಿ ಉರಿಯೂತವಿದ್ದರೂ ಏರುತ್ತದೆ. ಕಾಂಪ್ಲಿಮೆಂಟ್ ಕೆಂಪು ರಕ್ತಕಣಗಳನ್ನೇ ಒಡೆದು ಮೂತ್ರದಲ್ಲಿ ಹಿಮೋಗ್ಲೋಬಿನ್ ಹೋಗುವ ಪಿಎನ್‌ಎಚ್ ಎಂಬ ರಕ್ತದ ಕಾಯಿಲೆಗೆ ಸಿ3ಯನ್ನೇ ಕಟ್ಟಿಹಾಕುವ ಪೆಗ್‌ಸೆಟಕೋಪ್ಲಾನ್ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದನ್ನು ಪಡೆಯುವವರು ನ್ಯುಮೊಕಾಕಸ್, ಮೆನಿಂಗೊಕಾಕಸ್ ಲಸಿಕೆಗಳನ್ನು ಮೊದಲೇ ಹಾಕಿಸಿಕೊಳ್ಳಬೇಕು.

ಎಂಟು ವಾರದ ವರದಿ ಬಂದಾಗ ಇನ್ನೊಂದು ಪತ್ರ ಬರೆಯಿರಿ. ನಾವೂ ಕಾಯುತ್ತಿರುತ್ತೇವೆ.